ಹಗ್ಗದ ಮೇಲೆ ಜಾಗ

ಒಂಬತ್ತನೇ ತರಗತಿಯಲ್ಲಿ ಗಣಿತದ ವಾರಿಜಾ ಟೀಚರ್ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿದ್ದರು. ಮಕ್ಕಳು ಸಂಖ್ಯೆ ಬರೆದ ಚೀಟಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಅದಕ್ಕೆ ಕ್ಲಿಪ್ ಹಾಕಿ ತೂಗುಹಾಕಬೇಕು. ಗಂಟೆ ಹೊಡೆದಾಗ ಹೊರಗುಳಿದ ಚೀಟಿ ಕಸದ ಬುಟ್ಟಿಗೆ.

1.4 ಮತ್ತು ಒಂದೂವರೆ ಆಗಲೇ ಅಕ್ಕಪಕ್ಕ ನೇತಾಡುತ್ತಿದ್ದವು. ಅಲ್ಲಿಗೆ ಎರಡರ ವರ್ಗಮೂಲ, ಅಂದರೆ √2, ಬಂದು, “ನನ್ನ ಜಾಗ ನಿಮ್ಮ ನಡುವೆ. ಸ್ವಲ್ಪ ಜರುಗಿ,” ಎಂದು ಕೇಳಿಕೊಂಡಿತು.

“ಇಲ್ಲಿ ಜಾಗ ಎಲ್ಲಿದೆ? ಪಾಯಿಂಟ್ ನಾಲ್ಕಾದ ಮೇಲೆ ಪಾಯಿಂಟ್ ಐದೇ ಅಲ್ಲವೇ?” ಎಂದಿತು 1.4.

“ತಲೆಯ ಮೇಲೆ ಸೂರು ಹೊತ್ತುಕೊಂಡು ಬಂದಿದ್ದೀಯ. ನೀನು ನಮ್ಮ ಪೈಕಿ ಅಲ್ಲ,” ಎಂದಿತು ಒಂದೂವರೆ.

ಹಗ್ಗ ಗದರಿತು: “1.4 ಅನ್ನು ಅದರಿಂದಲೇ ಗುಣಿಸಿದರೆ ಎರಡಕ್ಕಿಂತ ಕಡಿಮೆ. ಒಂದೂವರೆಯನ್ನು ಗುಣಿಸಿದರೆ ಎರಡಕ್ಕಿಂತ ಹೆಚ್ಚು. ಇವನ ಜಾಗ ನಡುವೆಯೇ. ಯಾವ ಇಬ್ಬರ ನಡುವೆಯೂ ನನ್ನಲ್ಲಿ ಜಾಗ ಇದ್ದೇ ಇರುತ್ತದೆ. ಜರುಗಿ!”

ಎರಡೂ ಗೊಣಗುತ್ತಾ ಜರುಗಿದವು. ವರ್ಗಮೂಲ ಎಲ್ಲರಿಗೂ ಕೈಮುಗಿದು ನುಸುಳಿ, 1.4ಕ್ಕೆ ಒತ್ತಿಕೊಂಡು ಆರಾಮಾಗಿ ನೇತಾಡಿತು.

ಅಷ್ಟರಲ್ಲಿ 1.41 ಓಡಿ ಬಂತು. “ಅಣ್ಣಾ, ನಾನು ನಿನಗಿಂತ ಕೂದಲೆಳೆಯಷ್ಟು ಚಿಕ್ಕವನು. ನಿನಗೂ 1.4ಕ್ಕೂ ನಡುವೆ ಜಾಗ ಕೊಡು. ಇನ್ನೇನು ಗಂಟೆ ಹೊಡೆಯುತ್ತದೆ!”

ವರ್ಗಮೂಲ ಮೈ ಅಗಲಿಸಿತು. “ಇಲ್ಲಿ ನಾವೇ ಇಕ್ಕಟ್ಟಿನಲ್ಲಿದ್ದೇವೆ. ಬೇರೆ ಕಡೆ ನೋಡು.”

ಕ್ಲಿಪ್‌ಗಳೆಲ್ಲ ಕುಣಿಯುವಂತೆ ಹಗ್ಗ ನಕ್ಕಿತು. “ಇಷ್ಟು ಬೇಗ ಹಳಬನಾಗಿಬಿಟ್ಟೆಯಾ?”

ವರ್ಗಮೂಲ ಒಂದೂವರೆಯ ಕಡೆಗೆ ಜರುಗಿತು. 1.41 ಸರಕ್ಕನೆ ಒಳಹೊಕ್ಕು, ಕ್ಲಿಪ್ ಬಿಗಿ ಮಾಡಿಕೊಂಡು, ಮಕ್ಕಳ ಕೈಯಲ್ಲಿದ್ದ ಮುಂದಿನ ಚೀಟಿಯನ್ನು ಓರೆಗಣ್ಣಿನಿಂದ ನೋಡತೊಡಗಿತು.