ಪಿಳುಕಿ ಕಪ್ಪೆಯ ಅರ್ಧ ಕನಸು

ಅಜ್ಜಿಯ ಹಳೇ ಡೈರಿ ತೆಗೆದರೆ ಆ ದಿನ ಸಿಗುತ್ತದೆ. 2014, ಮಾರ್ಚ್ 6, ಗುರುವಾರ. ನೀಲಿ ಶಾಯಿಯಲ್ಲಿ ಒಂದು ಸಾಲು: "ಬೆಳಿಗ್ಗೆ ಏಳು ಗಂಟೆ. ತೊಟ್ಟಿಯ ನೀರು ಆರು ಬಕೆಟ್. ಗೊಬ್ಬರದ ಉಪ್ಪು ಒಂದು ಚಮಚ." ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು. ಆ ಕೆಂಪು ಸಾಲು ಹೇಗೆ ಬಂತು? ಕೇಳಿ, ಹೇಳುತ್ತೇನೆ.

ಅರಸೀಕೆರೆಯಲ್ಲಿ ಒಂದು ಮನೆ. ಮನೆಗೊಂದು ತಾರಸಿ. ತಾರಸಿಯ ಮೇಲೆ ಬಿಳಿ ಪೈಪು. ಪೈಪಿನ ಉದ್ದಕ್ಕೂ ತೂತು. ತೂತಿಗೊಂದು ಲೆಟ್ಯೂಸ್ ಸೊಪ್ಪು. ಮಣ್ಣು ಗಿಣ್ಣು ಏನಿಲ್ಲ. ಪೈಪಿನೊಳಗೆ ತೊಟ್ಟಿಯಿಂದ ಬರುವ ನೀರು. ನೀರಿನೊಳಗೆ ಉಪ್ಪು. ಅಡುಗೆ ಉಪ್ಪಲ್ಲ, ಗಿಡ ತಿನ್ನುವ ಗೊಬ್ಬರದ ಉಪ್ಪು.

ಏಳನೇ ತೂತಿನ ಸೊಪ್ಪಿನ ಅಡಿಯಲ್ಲಿ ಪಿಳುಕಿ ಮಲಗಿತ್ತು. ಪಿಳುಕಿ ಅಂದರೆ ಹೆಬ್ಬೆರಳಿನಷ್ಟು ಕಪ್ಪೆ. ಪಿಳುಕಿಗೆ ಒಂದು ಕನಸು ಬಿದ್ದಿತ್ತು. ಕನಸಲ್ಲಿ ಹಸಿರು ದೋಣಿ. ದೋಣಿ ಮೋಡದ ಕೆರೆಯಲ್ಲಿ ತೇಲುತ್ತಿತ್ತು. ಆಚೆ ದಡದಲ್ಲಿ ಅಮ್ಮ ಕಪ್ಪೆ. ಹೋದ ಮಳೆಗಾಲದಿಂದ ಕಾಣದ ಅಮ್ಮ. "ಬಾ ಮಗಾ, ಬಾ," ಅನ್ನುತ್ತಿತ್ತು. ಇನ್ನೇನು ದಡ. ಇನ್ನೊಂದೇ ಗೇಣು.

ದೊಪ್!

ಮೇಲಿದ್ದ ಎಲೆ ಬಾಡಿ ಪಕ್ಕಕ್ಕೆ ಬಿತ್ತು. ಬಿಸಿಲು ಚುರ್ ಅಂದಿತು. ಕನಸು ಅರ್ಧಕ್ಕೇ ನಿಂತಿತು.

ಅರ್ಧ ಕನಸು ಬಹಳ ಹೊತ್ತು ಕಾಯದು. ಬಿಸಿಲು ನೆತ್ತಿಗೆ ಬಂದರೆ ಒಣಗಿ ಹಾರಿಹೋಗುತ್ತದೆ. ಪಿಳುಕಿಗೆ ಅದು ಗೊತ್ತಿತ್ತು.

"ಎಲೆಯಕ್ಕಾ, ಎಲೆಯಕ್ಕಾ, ಎದ್ದು ನಿಲ್ಲೇ. ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಏಳಲಾರೆ ಕಣೇ. ಬೇರಣ್ಣ ನೀರು ಕುಡಿಯದೆ ನಾನು ಹೇಗೆ ಏಳಲಿ?"

ಪಿಳುಕಿ ತೂತಿನೊಳಗೆ ಇಣುಕಿತು.

"ಬೇರಣ್ಣಾ, ಬೇರಣ್ಣಾ, ನೀರು ಕುಡಿಯೋ. ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಕುಡಿಯಲಾರೆ. ನೀರಲ್ಲೇ ನಿಂತಿದ್ದೀನಿ, ಆದ್ರೂ ಗಂಟಲು ಒಣಗಿದೆ. ಅಷ್ಟು ಉಪ್ಪು! ನೀರಮ್ಮ ತಿಳಿಯಾಗದೆ ನಾನು ಹೇಗೆ ಕುಡಿಯಲಿ?"

ಪಿಳುಕಿ ತೊಟ್ಟಿಯ ಅಂಚಿಗೆ ಹಾರಿತು.

"ನೀರಮ್ಮಾ, ನೀರಮ್ಮಾ, ತಿಳಿಯಾಗಮ್ಮಾ. ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಮೈಯೆಲ್ಲ ಭಾರ ಕಂದಾ. ಮಳೆರಾಯ ಬಂದು ಬೆರೆಯದೆ ನಾನು ಹೇಗೆ ತಿಳಿಯಾಗಲಿ?"

ಮಳೆರಾಯ ಎಲ್ಲಿದ್ದ? ನೀಲಿ ಡ್ರಮ್ಮಿನೊಳಗಿದ್ದ. ಹೋದ ವರ್ಷದ ಮಳೆ ಅಲ್ಲೇ ಮಲಗಿತ್ತು. ಒಳಗೆ ಕತ್ತಲೆ, ಒಳಗೆ ತಂಪು. ಆಗಾಗ ಗುಡುಗಿನ ಕನಸು ಕಂಡು ಗುಳುಗುಳು ಅನ್ನುತ್ತಿತ್ತು.

"ಮಳೆರಾಯಾ, ಮಳೆರಾಯಾ, ಹೊರಗೆ ಬಾರೋ. ನೀರಮ್ಮ ತಿಳಿಯಾಗಳು, ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಬರೋಕೆ ನಾನು ರೆಡಿ," ಅಂದ ಮಳೆರಾಯ, ಆಕಳಿಸುತ್ತ. "ಆದರೆ ಅಜ್ಜಿ ನಲ್ಲಿ ತಿರುಗಿಸದೆ ಹೇಗೆ ಬರಲಿ?"

ಅಜ್ಜಿ ತಾರಸಿಯ ಬಾಗಿಲ ಹತ್ತಿರ ಕೂತಿದ್ದಳು. ಕನ್ನಡಕ ಮೂಗಿನ ತುದಿಯಲ್ಲಿ. ಡೈರಿ ತೊಡೆಯ ಮೇಲೆ. ಕೈ ತುಂಬ ಬಳೆ.

"ಅಜ್ಜೀ, ಅಜ್ಜೀ, ನಲ್ಲಿ ತಿರುಗಿಸಜ್ಜೀ. ಮಳೆರಾಯ ಬಾರ, ನೀರಮ್ಮ ತಿಳಿಯಾಗಳು, ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಯಾಕೆ ತಿರುಗಿಸಲಿ?" ಅಂದಳು ಅಜ್ಜಿ. "ಇಲ್ಲಿ ನೋಡು. ಒಂದು ಚಮಚ ಅಂತ ಬರೆದಿದೆ. ಬರೆದವಳು ನಾನು. ಬಿ.ಎಸ್ಸಿ. ಓದಿದವಳು ನಾನು. ನೀರು ಸರಿಯಾಗೇ ಇದೆ. ಬೇಕಿದ್ರೆ ಚಮಚಾನೇ ಕೇಳು. ಅದು ಬಾಯಿ ಬಿಟ್ಟು ಹೇಳದೆ ನಾನು ನಲ್ಲಿ ಮುಟ್ಟಲ್ಲ."

ಚಮಚ ಉಪ್ಪಿನ ಡಬ್ಬಿಯ ಮೇಲೆ ಅಂಗಾತ ಮಲಗಿತ್ತು.

"ಚಮಚಣ್ಣಾ, ಚಮಚಣ್ಣಾ, ಬಾಯಿ ಬಿಡೋ. ಅಜ್ಜಿ ನಲ್ಲಿ ತಿರುಗಿಸಳು, ಮಳೆರಾಯ ಬಾರ, ನೀರಮ್ಮ ತಿಳಿಯಾಗಳು, ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ನಾನು ಚಾಡಿ ಹೇಳೋನಲ್ಲ. ಹಿಡಿದ ಕೈ ಒಪ್ಪಿಕೊಳ್ಳಬೇಕು. ತಾತ ಒಪ್ಪದೆ ನಾನು ಹೇಗೆ ಬಾಯಿ ಬಿಡಲಿ?"

ತಾತ ಮೆಟ್ಟಿಲ ಮೇಲೆ ಕೂತು ತೆಂಗಿನ ಕಡ್ಡಿಯ ಪೊರಕೆ ಕಟ್ಟುತ್ತಿದ್ದ. ಪಿಳುಕಿ ಅವನ ಪಾದದ ಮೇಲೆ ಹತ್ತಿ ಕೂತಿತು.

"ತಾತಾ, ತಾತಾ, ಒಪ್ಪಿಕೋ ತಾತಾ. ಚಮಚ ಬಾಯಿ ಬಿಡದು, ಅಜ್ಜಿ ನಲ್ಲಿ ತಿರುಗಿಸಳು, ಮಳೆರಾಯ ಬಾರ, ನೀರಮ್ಮ ತಿಳಿಯಾಗಳು, ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು."

"ಶ್! ಮೆಲ್ಲಗೆ!" ಅಂದ ತಾತ. "ಹೌದು, ಒಂದು ಚಮಚ ನಾನೂ ಹಾಕಿದೆ. ಪಾಪ, ಎಳೇ ಸೊಪ್ಪು. ಊಟಕ್ಕೆ ಕೂತವರಿಗೆ ಒಂದೇ ಸೌಟು ಬಡಿಸಿ ಎಬ್ಬಿಸ್ತಾರೇನು? ಆದರೆ ನನಗಿಂತ ಮೊದಲು ಇನ್ನೊಂದು ಕೈ ಹಾಕ್ತು. ನಾನು ಕಂಡಿದ್ದೀನಿ. ಬಳೆ ತೊಟ್ಟ ಕೈ. ಬಳೆ ಕೈ ಒಪ್ಪದೆ ನಾನು ಹೇಗೆ ಒಪ್ಪಲಿ?"

ಆ ಮನೆಯಲ್ಲಿ ಬಳೆ ತೊಟ್ಟವರು ಒಬ್ಬರೇ.

ನೆರಳು ಗಿಡ್ಡವಾಗುತ್ತಿತ್ತು. ಪಿಳುಕಿ ಕುಪ್ಪಳಿಸಿ ಕುಪ್ಪಳಿಸಿ ಮತ್ತೆ ಅಜ್ಜಿಯ ಹತ್ತಿರ ಬಂತು. ಏದುಸಿರು ಬಿಡುತ್ತ ಹೇಳಿತು:

"ಬಳೆ ಕೈ ಒಪ್ಪದು, ತಾತ ಒಪ್ಪ, ಚಮಚ ಬಾಯಿ ಬಿಡದು, ಅಜ್ಜಿ ನಲ್ಲಿ ತಿರುಗಿಸಳು, ಮಳೆರಾಯ ಬಾರ, ನೀರಮ್ಮ ತಿಳಿಯಾಗಳು, ಬೇರಣ್ಣ ಕುಡಿಯ, ಎಲೆಯಕ್ಕ ಏಳಳು, ನನಗೆ ನಿದ್ದೆ ಬಾರದು, ದೋಣಿ ದಡ ಸೇರದು. ದಡದಲ್ಲಿ ನಮ್ಮಮ್ಮ ಇದ್ದಾಳೆ ಅಜ್ಜೀ."

ಅಜ್ಜಿ ಡೈರಿ ನೋಡಿದಳು. ಬಳೆ ನೋಡಿದಳು. ಬಳೆ ಘಲ್ ಅಂದಿತು, ಸುಮ್ಮನಾಯಿತು. ಕನ್ನಡಕ ತೆಗೆದಳು, ಒರೆಸಿದಳು, ಹಾಕಿದಳು.

"ನನ್ನದೇ ಕೈ," ಅಂದಳು. "ಬರೆದು ಮುಗಿಸಿ ಎದ್ದೆ. ಸೊಪ್ಪು ನನ್ನ ಮುಖ ನೋಡ್ತು. ಪಾಪ ಅನ್ನಿಸ್ತು. ಇನ್ನೊಂದು ಚಮಚ ಹಾಕಿದೆ. ಬರೆಯಲಿಲ್ಲ."

"ಆಹಾ, ಬಿ.ಎಸ್ಸಿ.!" ಮೆಟ್ಟಿಲ ಮೇಲಿಂದ ಕೂಗಿದ ತಾತ.

"ನೀವು ಸುಮ್ನಿರಿ. ನಿಮ್ಮದೂ ಒಂದಿದೆಯಲ್ಲ?"

"ಇದೆ," ಅಂದ ತಾತ.

ಬಳೆ ಕೈ ಒಪ್ಪಿತು, ತಾತ ಒಪ್ಪಿದ. ತಾತ ಒಪ್ಪಿದ, ಚಮಚ ಬಾಯಿ ಬಿಟ್ಟಿತು. "ಮೂರು!" ಅಂದಿತು.

ಮೂರು ಪಾಲು ನೀರಲ್ಲಿ ಎರಡು ಪಾಲು ತೆಗೆಯಬೇಕು. ನಾಲ್ಕು ಬಕೆಟ್ ತಾತ ಹೊತ್ತ. ತೆಂಗಿನ ಬುಡಕ್ಕೆ ಸುರಿದ. ತೆಂಗಿಗೆ ಉಪ್ಪು ಅಂದರೆ ಪ್ರಾಣ, ಗಟಗಟ ಕುಡಿಯಿತು.

ಅಜ್ಜಿ ನಲ್ಲಿ ತಿರುಗಿಸಿದಳು, ಮಳೆರಾಯ ಬಂದ. ಮಳೆರಾಯ ಬಂದ, ನೀರಮ್ಮ ತಿಳಿಯಾದಳು. ನೀರಮ್ಮ ತಿಳಿಯಾದಳು, ಬೇರಣ್ಣ ಕುಡಿದ. ಬೇರಣ್ಣ ಕುಡಿದ, ಎಲೆಯಕ್ಕ ಮೆಲ್ಲಗೆ, ಮೆಲ್ಲಗೆ ಎದ್ದಳು.

ಬಿಸಿಲು ನೆತ್ತಿಗೆ ಬರಲು ಒಂದೇ ಬೆರಳು ಬಾಕಿ.

ಎಲೆಯ ಅಡಿಯಲ್ಲಿ ಹಸಿರು ನೆರಳು. ನೆರಳಲ್ಲಿ ಪಿಳುಕಿ. ಕಣ್ಣು ಪಿಳುಕಿಸಿತು. ಒಂದು ಸಲ. ಇನ್ನೊಂದು ಸಲ. ಆಮೇಲೆ ಪಿಳುಕಿಸಲಿಲ್ಲ, ನಿದ್ದೆ ಬಂತು.

ದೋಣಿ ತೇಲಿತು. ಒಂದು ಗೇಣು. ಅರ್ಧ ಗೇಣು. ಒಂದು ಬೆರಳು. ದೋಣಿ ದಡ ಸೇರಿತು.

"ಬಂದ್ಯಾ ಮಗಾ?" ಅಂದಿತು ಅಮ್ಮ ಕಪ್ಪೆ.

ಅಜ್ಜಿ ಕೆಂಪು ಪೆನ್ನು ತೆಗೆದು ಬರೆದಳು: "ಪಾಪ ಅಂತ ನಾನೊಂದು ಚಮಚ, ಅವರೊಂದು ಚಮಚ. ಒಟ್ಟು ಮೂರು. ಹಾಕಬಾರದಿತ್ತು. ಆದ ಖರ್ಚು: ಗೊಬ್ಬರದ ಉಪ್ಪು ಎರಡು ಚಮಚ. ಮಳೆನೀರು ನಾಲ್ಕು ಬಕೆಟ್. ಮತ್ತೆ ಏಳದ ಹೊರ ಎಲೆ, ಮೂರು."