ಇಪ್ಪತ್ತನಾಲ್ಕರಲ್ಲಿ ಮಂಕಿ ಟೋಪಿ

ದಾವಣಗೆರೆಯ ಉರಿ ಬೇಸಿಗೆಯಲ್ಲೂ ಮ್ಯಾನೇಜರ್ ಹಾಲಸ್ವಾಮಿಯವರ ಕೋಣೆಯ ಏಸಿ ಹದಿನಾರರಲ್ಲೇ ಓಡುತ್ತಿತ್ತು. ಅವತ್ತು ಕರೆಂಟ್ ಉಳಿತಾಯದ ಕಡ್ಡಾಯ ತಪಾಸಣೆ. ಇಪ್ಪತ್ತನಾಲ್ಕಕ್ಕಿಂತ ಕೆಳಗಿದ್ದರೆ ಛೀಮಾರಿ. ಬೆಳಿಗ್ಗೆಯೇ ಏಸಿಯನ್ನು ಇಪ್ಪತ್ತನಾಲ್ಕಕ್ಕೆ ಏರಿಸಿ, ಜವಾನನನ್ನು ಗದರಿದರು: "ಸಿಕ್ಕಿಬಿದ್ದರೆ ತಪ್ಪು ನಿನ್ನ ತಲೆಗೇ ಕಟ್ತೀನಿ. ಬಾಯಿ ಬಿಡದೆ ದಿನಾ ಮಾಡೋ ಕೆಲಸ ಮಾಡ್ಕೊಂಡಿರು!"

"ಆಗಲಿ ಸಾರ್."

ತಪಾಸಣೆಯ ಮೇಡಂ ಬಂದರು.

"ನಮ್ಮಲ್ಲಿ ಯಾವಾಗಲೂ ಇಪ್ಪತ್ತನಾಲ್ಕೇ, ಮೇಡಂ," ಅಂದರು ಹಾಲಸ್ವಾಮಿ.

ಜವಾನ ತುಟಿ ಪಿಟಕ್ಕೆನ್ನದೆ ಒಳಗೆ ಬಂದ. ದಿನದಂತೆ ಸಾಹೇಬರ ಹೆಗಲಿಗೆ ಸನ್ಮಾನದ ಶಾಲು ಹೊದಿಸಿದ. ಮಂಕಿ ಟೋಪಿ ಬಿಡಿಸಿ ಹಿಡಿದ. ಅಭ್ಯಾಸ ನೋಡಿ, ಹಾಲಸ್ವಾಮಿ ತಲೆ ಬಗ್ಗಿಸಿಯೇಬಿಟ್ಟರು.

"ಇಪ್ಪತ್ತನಾಲ್ಕಕ್ಕೇ ಇಷ್ಟೊಂದು ಚಳಿಯಾ ಸಾರ್?" ಮೇಡಂ ಕೇಳಿದರು.

ಬಗ್ಗಿದ ತಲೆ ಮೇಲೇಳಲಿಲ್ಲ. ಹಾಲಸ್ವಾಮಿ ಅದೇ ಶಾಲಿನ ಅಂಚಿನಿಂದ ಹಣೆಯ ಬೆವರು ಒರೆಸಿಕೊಂಡರು.