ಪಂಕ್ತಿಯ ಕೊನೆಯ ಎಲೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನನ್ನ ಸೋದರಮಾವನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ಮಾತ್ರೆ ಕೊಡಲು ವೈದ್ಯರಿದ್ದಾರೆ. ವಾಸಿಯಾಗದ ಕಾಯಿಲೆಗೆ ನಾನು ಹೋಗಿ ಸಮಾಧಾನ ಹೇಳಿದರೆ ಏನು ಬಂತು?”

ಗುರು ನಕ್ಕರು. “ಹೇಳಿದರೆ ಏನೂ ಬರುವುದಿಲ್ಲ. ಕತೆ ಕೇಳು” ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿಯಿದ್ದ. ಪಂಕ್ತಿಯ ಊಟವೆಂದರೆ ಅವನಿಗೆ ಪ್ರಾಣ. ಅವನ ಊರಿನಲ್ಲಿ ಒಂದು ಪದ್ಧತಿಯಿತ್ತು: ಸಾಲಿನಲ್ಲಿ ಎಲ್ಲರೂ ಉಂಡು ಮುಗಿಸುವ ತನಕ ಯಾರೂ ಎಲೆ ಬಿಟ್ಟು ಏಳುವಂತಿಲ್ಲ. ಅವನಿಗೂ ಇದೇ ನಡುಕದ ಕಾಯಿಲೆ ಬಂತು. ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಉದುರುತ್ತಿತ್ತು. ಉಳಿದವರೆಲ್ಲ ಉಂಡು, ಕೈ ಒಣಗಿಸಿಕೊಂಡು, ಅವನ ಎಲೆಯನ್ನೇ ನೋಡುತ್ತ ಕೂರುತ್ತಿದ್ದರು. ಆಗ ಕೈ ಇನ್ನಷ್ಟು ನಡುಗುತ್ತಿತ್ತು.

ಮನೆಯವರು ಒಳ್ಳೆಯವರು. ಆರಾಮಾಗಿ ಉಣ್ಣಲಿ ಎಂದು ಒಳಕೋಣೆಯಲ್ಲಿ ಬೇರೆ ಎಲೆ ಹಾಕಿದರು. ತಪ್ಪಾದದ್ದು ಅಲ್ಲೇ. ಅವನು ಗೋಡೆ ನೋಡುತ್ತ ಒಂದಿಷ್ಟು ತಿಂದು ಎದ್ದುಬಿಡುತ್ತಿದ್ದ. ದಿನೇ ದಿನೇ ಸೊರಗಿದ. ಬಂದವರೆಲ್ಲ ಧೈರ್ಯವಾಗಿರು ಎಂದರು. ಧೈರ್ಯ ಹೇಳುವುದಕ್ಕೇನು ಖರ್ಚು?

ಒಮ್ಮೆ ನೆರೆಮನೆಯಲ್ಲಿ ಮದುವೆಯಿತ್ತು. ಬಾಲ್ಯದ ಗೆಳೆಯನಾದ ಒಬ್ಬ ನೇಕಾರ ಅವನನ್ನು ಕರೆದೊಯ್ಯಲು ಬಂದ.

“ಅಕ್ಷತೆ ಹಾಕಿ ಬಂದುಬಿಡ್ತೀನಿ, ಊಟಕ್ಕೆ ಕೂರಲ್ಲ” ಎಂದ ವ್ಯಾಪಾರಿ. “ನನ್ನೊಬ್ಬನಿಗೋಸ್ಕರ ಸಾಲಿಗೆ ಸಾಲೇ ಕಾಯೋದನ್ನ ನೋಡೋಕಾಗಲ್ಲ ಕಣೋ.”

“ನನ್ನ ಪಕ್ಕ ಕೂತ್ಕೋ, ಸಾಕು” ಎಂದ ನೇಕಾರ.

ವ್ಯಾಪಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆಯ ಮುಂದೆ ಕೂತ ನೇಕಾರ ಒಂದು ತುತ್ತು ಉಂಡು ಮಾತಿಗಿಳಿದ. ತಾವಿಬ್ಬರೂ ಹುಡುಗರಾಗಿದ್ದಾಗ ಕರೆಯದ ಮದುವೆಗಳಿಗೆ ನುಗ್ಗಿ ಉಂಡದ್ದು, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ ಎಂದದ್ದು, ತುಪ್ಪ ಬಡಿಸುತ್ತಿದ್ದ ಮುದುಕ ಗುರುತು ಹಿಡಿದೂ ಒಂದು ಮಿಳ್ಳೆ ಹೆಚ್ಚು ಸುರಿದದ್ದು, ಎಲ್ಲವನ್ನೂ ಹೇಳಿದ. ಸಾರು ಮತ್ತೆ ಬಡಿಸಿಕೊಂಡ. ಊಟದ ಪದ್ಯವೊಂದನ್ನು ಎತ್ತಿಕೊಂಡು, ನಡುವೆ ಮರೆತು, ಮೊದಲಿಂದ ಹಾಡಿದ. ಈ ಮಾತಿನಮಲ್ಲ ಇವತ್ತು ನಮ್ಮನ್ನು ಏಳಗೊಡುವುದಿಲ್ಲ ಎಂದು ಸಾಲಿನವರು ಗೊಣಗಿದರು. ಎಲ್ಲರ ಕಣ್ಣೂ ನೇಕಾರನ ಎಲೆಯ ಮೇಲೆ. ವ್ಯಾಪಾರಿ ಹಳೆಯ ದಿನಗಳನ್ನೆಲ್ಲ ನೆನೆಯುತ್ತ ತುತ್ತಿನ ಮೇಲೆ ತುತ್ತು ಉಣ್ಣುತ್ತ ಹೋದ. ಅವನು ಉಂಡು ಮುಗಿಸಿದಾಗಲೂ ನೇಕಾರನ ಎಲೆಯಲ್ಲಿ ಅನ್ನವಿತ್ತು.

ಗುರು ಕತೆ ನಿಲ್ಲಿಸಿದರು.

“ಅವನ ನಡುಕ ಕಡಿಮೆಯಾಯಿತೇ?” ಎಂದು ಶಿಷ್ಯ ಕೇಳಿದ.

“ಇಲ್ಲ” ಎಂದರು ಗುರು, “ಅದೇ ನಡುಗುವ ಕೈ ಎತ್ತಿ, ಇನ್ನೊಂದು ಸೌಟು ಪಾಯಸ ಹಾಕಿ ಎಂದ.”